ನಮ್ಮ ಅತ್ತೆಯ ಹದಿನಾಲ್ಕು ಉಯಿಲುಗಳು

ನಮ್ಮ ಅತ್ತೆಯಷ್ಟು ಸಲ ಸಾಯುವ ತಯಾರಿ ಮಾಡಿಕೊಂಡವರು ಕುಮಟೆಯಿಂದ ಭಟ್ಕಳದವರೆಗೆ ಇನ್ನೊಬ್ಬರಿಲ್ಲ. ಹದಿನಾಲ್ಕು ಸಲ! ಹಾಗಂತ ಕಾಯಿಲೆಯ ಹೆಂಗಸು ಅಂದುಕೊಳ್ಳಬೇಡಿ. ಎಪ್ಪತ್ತೊಂದು ದಾಟಿದ ಅವಳಿಗೆ ನೆಗಡಿಯಾದದ್ದನ್ನೂ ನಾನು ಕಂಡಿಲ್ಲ. ಬೇರೆಯವರು ಬೇಸಿಗೆ ಬಂದರೆ ಹಪ್ಪಳ ಮಾಡುತ್ತಾರಲ್ಲ, ಅತ್ತೆ ಉಯಿಲು ಮಾಡುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಭಟ್ಕಳದ ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತಳಾದಳು. ಅವಳ ಆಸ್ತಿ ಇಷ್ಟು: ಶಿರಾಲಿಯಲ್ಲಿ ಹೆದ್ದಾರಿ ಪಕ್ಕ ಒಂದು ಹೆಂಚಿನ ಮನೆ, ಹನ್ನೊಂದು ತೆಂಗಿನಮರ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ, ಪಿಂಚಣಿ. ಜೊತೆಗೆ ಚಿಕ್ಕಪ್ಪ. ಅವಳ ಕೊನೆಯ ತಮ್ಮ. ವಯಸ್ಸು ಐವತ್ತಾರು, ಬುದ್ಧಿ ಆರಕ್ಕೇ ನಿಂತಿದೆ. ಗೇಟಿನ ಬಳಿ ಕೂತು ಬಸ್ಸು ಎಣಿಸುವುದು ಅವನ ಉದ್ಯೋಗ. ಇಪ್ಪತ್ತರವರೆಗೆ ಮಾತ್ರ ಎಣಿಕೆ ಬರುವುದರಿಂದ ಇಪ್ಪತ್ತಾದ ಮೇಲೆ ಮತ್ತೆ ಒಂದು. ದೋಸೆಯನ್ನು ಅತ್ತೆ ಹರಿದು ತುಂಡು ಮಾಡಿಕೊಟ್ಟರೆ ಮಾತ್ರ ತಿನ್ನುತ್ತಾನೆ. ಬೇರೆ ಯಾರು ಹರಿದರೂ ತಟ್ಟೆ ದೂಡುತ್ತಾನೆ.

ಮೊದಲ ಉಯಿಲಿನ ಹೊತ್ತಿಗೆ ಹೊನ್ನಾವರದ ವಕೀಲರು ಒಂದು ಕಿವಿಮಾತು ಹೇಳಿದ್ದರು: ಉಯಿಲಿಗೆ ಇಬ್ಬರ ಸಾಕ್ಷಿ ಬೇಕು, ಆದರೆ ಅದರಲ್ಲಿ ಪಾಲು ಸಿಗುವವರಿಂದ ಸಾಕ್ಷಿ ಹಾಕಿಸದಿರುವುದು ಒಳ್ಳೆಯದು. ಪಾಪ, ಆ ಪುಣ್ಯಾತ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ನಮ್ಮ ಇಡೀ ಕುಟುಂಬ ಅದನ್ನು ಹೇಗೆ ಅರ್ಥ ಮಾಡಿಕೊಂಡಿತು ಗೊತ್ತೇ? ಅತ್ತೆ ಯಾರನ್ನು ಸಹಿಗೆ ಕರೆಯುತ್ತಾಳೋ ಅವರ ಕಥೆ ಮುಗಿಯಿತು!

ಅಂದಿನಿಂದ ಉಯಿಲಿನ ಕಾಗದ ತುಂಬಿದ ಅತ್ತೆಯ ನೀಲಿ ಚೀಲ ಕಂಡರೆ ನೆಂಟರ ಕೈಕಾಲು ತಣ್ಣಗಾಗತೊಡಗಿತು. ಭಟ್ಕಳದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನಮ್ಮ ದೊಡ್ಡಪ್ಪನ ಮಗ ಒಮ್ಮೆ ಅವಳು ಬಸ್ಸಿಳಿಯುವುದನ್ನು ನೋಡಿ, ಗಲ್ಲಾದ ಹಿಂದೆಯೇ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡ. ಷಟರ್ ಬಿದ್ದು ಬೆರಳು ಜಜ್ಜಿಹೋಗಿದೆ, ಪೆನ್ನು ಹಿಡಿಯಲಾಗುವುದಿಲ್ಲ ಎಂದು ನರಳಿಯೂ ನರಳಿದ. ಅತ್ತೆ ಬಹಳ ಮರುಗಿದಳು. ಆಮೇಲೆ ಚೀಲದಿಂದ ಇಂಕಿನ ಪ್ಯಾಡ್ ತೆಗೆದು, "ಎಡಗೈ ಹೆಬ್ಬೆಟ್ಟಾದ್ರೂ ಆತು," ಅಂದಳು.

ಕರ್ಕಿಗೆ ಮದುವೆಯಾಗಿ ಹೋದ ನನ್ನ ಅಕ್ಕನದು ಇನ್ನೊಂದು ದಾರಿ. ಬಾಯಿಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಉಯಿಲಿಗೆ! ತಿಂಗಳಿಗೆರಡು ಸಲ ಅತ್ತೆಯನ್ನು ಕರೆಸಿ ಬಂಗುಡೆ ಸಾರು ಬಡಿಸಿದಳು. ಫಲವೂ ಸಿಕ್ಕಿತು: ಬ್ಯಾಂಕಿನ ಠೇವಣಿಗೆ ಅಕ್ಕನೇ ನಾಮಿನಿ! ಅಕ್ಕ ಆಚೀಚೆ ಮನೆಗೆಲ್ಲ ಪಾಯಸ ಹಂಚಿದಳು. ಆಮೇಲೆ ಬ್ಯಾಂಕಿನ ಗುಮಾಸ್ತೆ ಬಿಡಿಸಿ ಹೇಳಿದಳು. ನಾಮಿನಿ ಎಂದರೆ ಪೋಸ್ಟಿನವನ ಹಾಗೆ. ಹಣ ಇಸಿದುಕೊಂಡು ವಾರಸುದಾರರಿಗೆ ಮುಟ್ಟಿಸಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಮುಂದಿನ ಸಲ ಅತ್ತೆ ಕರ್ಕಿಗೆ ಹೋದಾಗ ಊಟಕ್ಕೆ ಸೌತೆಕಾಯಿ ಸಾರು.

ಇನ್ನು ನನ್ನ ಕಥೆ ಕೇಳಿ. ಕುಮಟೆಯಲ್ಲಿ ಮೇಷ್ಟ್ರಗಿತ್ತಿಯಾದ ನಾನು ಮೊದಲನೆಯ ಉಯಿಲಿಗೂ ಸಾಕ್ಷಿ, ಹದಿಮೂರನೆಯದಕ್ಕೂ ಸಾಕ್ಷಿ. ಎರಡನೇ ಸಾಕ್ಷಿ ಬದಲಾದರೂ ನಾನು ಬದಲಾಗಲಿಲ್ಲ! ಒಂದು ತೆಂಗಿನಕಾಯಿಯೂ ನನ್ನ ಪಾಲಿಗಿಲ್ಲ ಎಂದು ನಾಲ್ಕನೆಯ ಉಯಿಲಿಗೇ ಖಾತ್ರಿಯಾಗಿತ್ತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೂ ಸಹಿ ಇರಲಿ ಇಲ್ಲದಿರಲಿ, ರವಿವಾರ ಬಂದರೆ ಶಿರಾಲಿಯ ಬಸ್ಸು ಹತ್ತುತ್ತಿದ್ದೆ. ಗೇಟಿನಲ್ಲಿ ಕೂತವನು ನಾನು ಇಳಿದ ಬಸ್ಸಿಗೆ ಮಾತ್ರ ಎದ್ದು ನಿಂತು ನಂಬರು ಕೊಡುತ್ತಿದ್ದ. ಅದಕ್ಕಾಗಿಯಾದರೂ ಹೋಗಬೇಡವೇ?

ಹೋದ ತಿಂಗಳು ಹದಿನಾಲ್ಕನೆಯದಕ್ಕೆ ಕರೆ ಬಂತು. ಅತ್ತೆ ಈ ಸಲ ಚಿಕ್ಕಪ್ಪನನ್ನೂ ಕರೆತಂದಿದ್ದಳು. ವಕೀಲರ ಆಫೀಸಿನಲ್ಲಿ ಕೂತು ರೂಢಿಯಂತೆ ಪೆನ್ನು ತೆಗೆದೆ. ಅತ್ತೆ ಪೆನ್ನು ಇಸಿದುಕೊಂಡಳು. "ಈ ಸಲ ನಿಂದು ಸಾಕ್ಷಿ ಬೇಡ."

ಅಬ್ಬಾ! ಪಕ್ಕದ ಜೆರಾಕ್ಸ್ ಅಂಗಡಿಯಿಂದ ಇಬ್ಬರು ಸಾಕ್ಷಿಗೆ ಬರುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಶಿರಾಲಿ ಮನೆಗೆ ತಿಳಿಹಳದಿ ಬಣ್ಣ ಬಳಿದು, ಹನ್ನೊಂದು ಮರದ ಕಾಯಿ ಇಳಿಸಿಯೂ ಆಗಿತ್ತು.

ವಕೀಲರು ಓದಿದರು. ಮನೆ, ಮರ, ಠೇವಣಿ ಎಲ್ಲವೂ ಚಿಕ್ಕಪ್ಪನ ಹಿತಕ್ಕಾಗಿ ಮಾಡುವ ಒಂದು ಟ್ರಸ್ಟಿಗೆ. ಅತ್ತೆಯ ನಂತರ ಕುಟುಂಬ ಪಿಂಚಣಿ ಚಿಕ್ಕಪ್ಪ ಇರುವವರೆಗೆ ಅವನಿಗೆ. ಅದಕ್ಕಾಗಿ ಅತ್ತೆ ಅವನ ಕೈಹಿಡಿದು ಎಷ್ಟೋ ಆಫೀಸು ಹತ್ತಿಳಿದು ಹೆಸರು ಸೇರಿಸಿದ್ದಳು. ಟ್ರಸ್ಟಿನ ಜವಾಬ್ದಾರಿಯೂ ಚಿಕ್ಕಪ್ಪನ ಪಾಲಕತ್ವವೂ ನನ್ನದು; ಸಾಕ್ಷಿಗೆ ನಾನು ಬೇಡವಾದದ್ದು ಅದಕ್ಕೇ. ನನಗೆಂದು ಒಂದು ತೆಂಗಿನಕಾಯಿಯೂ ಇಲ್ಲ!

"ಬೇಜಾರಾಯ್ತಾ?" ಅತ್ತೆ ಕೇಳಿದಳು. "ನಿಂಗೆ ಎಂತದೂ ಸಿಗೂದಿಲ್ಲ ಅಂತ ಹದಿಮೂರು ಸಲ ತೋರಿಸ್ದೆ ಮಾರಾಯ್ತಿ. ಆದ್ರೂ ನೀನು ಬರೂದು ಬಿಡ್ಲಿಲ್ಲ. ಅಂವನ್ನ ಮತ್ಯಾರ ಕೈಗೆ ಕೊಡ್ಲಿ?"

ಇಷ್ಟು ವರ್ಷ ನಾವೆಲ್ಲ ಅವಳ ಹುಚ್ಚಿಗೆ ನಕ್ಕಿದ್ದೆವು. ತಾನಿಲ್ಲದ ದಿನ ತಮ್ಮನ ಗತಿಯೇನು ಎನ್ನುವ ಹೆದರಿಕೆ ಅವಳನ್ನು ಹದಿನಾಲ್ಕು ಸಲ ಹೊನ್ನಾವರಕ್ಕೆ ಓಡಾಡಿಸಿತ್ತು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಆಮೇಲೆ ಮೂವರೂ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆವು. ದೋಸೆ ಬಂತು. ಅತ್ತೆ ಮಾತ್ರ ಕೈ ಮಡಿಚಿ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಚಿಕ್ಕಪ್ಪ ಅವಳ ಮುಖ ನೋಡಿದ. ಕಾದ. ಮತ್ತೆ ನೋಡಿದ. ಕೊನೆಗೆ ಮೆಲ್ಲಗೆ ತಟ್ಟೆಯನ್ನು ನನ್ನ ಕಡೆ ಸರಿಸಿದ.

ನಾನು ದೋಸೆ ಹರಿಯತೊಡಗಿದೆ. ಕಣ್ಣು ಮಂಜಾಗಿ ತುಂಡುಗಳು ಒಂದೊಂದು ಒಂದೊಂದು ಅಳತೆಯವಾಗುತ್ತಿದ್ದವು.

"ಸ್ವಲ್ಪ ಸಣ್ಣ ಮಾಡು," ಅತ್ತೆ ಬೇರೆ ಕಡೆ ನೋಡುತ್ತ ಹೇಳಿದಳು. "ಅಂವ ಸರಿಯಾಗಿ ಅಗಿಯೂದಿಲ್ಲ."

"ಆತು ಅತ್ತೆ," ಅಂದೆ.

ಚಿಕ್ಕಪ್ಪ ತುಂಡುಗಳನ್ನು ಎಣಿಸಿದ. ಇಪ್ಪತ್ತಾಯಿತು. ನನ್ನ ಕೈ ನಿಲ್ಲದಿರುವುದನ್ನು ನೋಡಿ ಮತ್ತೆ ಒಂದರಿಂದ ಶುರು ಮಾಡಿದ.