ಎಡದಿಂದ ಬಲಕ್ಕೆ ಏಳು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ದಿನದ ಮೊದಲ ಕಡತ ಆ ದಿನದ ಪತ್ರಿಕೆಯ ಪದಬಂಧವಾಗಿರುತ್ತದೆ. ಅದು ಇತ್ಯರ್ಥವಾಗದೆ ಎರಡನೆಯ ಕಡತವನ್ನು ತೆರೆಯತಕ್ಕದ್ದಲ್ಲ.

ಇದನ್ನು ಕೇಳಿ ಕೆಲವರು ಹುಬ್ಬೇರಿಸುತ್ತಾರೆ. ಅವರಿಗೆ ಹಿನ್ನೆಲೆ ಗೊತ್ತಿಲ್ಲ. ಹಿಂದೆ ಸಿಬ್ಬಂದಿಯವರು ಪದಬಂಧವನ್ನು ಕಡತಗಳ ಅಡಿಯಲ್ಲಿ ಬಚ್ಚಿಟ್ಟುಕೊಂಡು ಬಿಡಿಸುತ್ತಿದ್ದರು. ಇದರಿಂದ ಕಡತಗಳಿಗೆ ಆಗುತ್ತಿದ್ದ ಅಗೌರವವನ್ನು ಸಹಿಸಲಾರದೆ ಅಂದಿನ ಅಧಿಕಾರಿಯೊಬ್ಬರು ಪದಬಂಧವನ್ನೇ ಕಡತ ಮಾಡಿದರು. ಕದ್ದು ಬಿಡಿಸುವ ಪಿಡುಗು ಅಂದಿಗೇ ನಿಂತಿತು.

ಕ್ರಮ ಸರಳವಾಗಿದೆ. ಮೊದಲು ಸಾಹೇಬರು ತಮಗೆ ಬೇಕಾದ ಮೂರು ಪದಗಳನ್ನು ಹಸಿರು ಶಾಯಿಯಲ್ಲಿ ತುಂಬುತ್ತಾರೆ. ಆಮೇಲೆ ಹೆಡ್ ಗುಮಾಸ್ತೆ ಮೇಡಂ ನೀಲಿ ಶಾಯಿಯಲ್ಲಿ. ಉಳಿದದ್ದನ್ನು ನಾನು, ಅಂದರೆ ನಲ್ಲಿ ತಪಾಸಣೆಗಾರ, ಪೆನ್ಸಿಲಿನಲ್ಲಿ. ಪೆನ್ಸಿಲನ್ನು ನೀಲಿ ತಿದ್ದಬಹುದು, ನೀಲಿಯನ್ನು ಹಸಿರು ತಿದ್ದಬಹುದು. ಹಸಿರನ್ನು ತಿದ್ದಬಲ್ಲವರು ಈ ಕಟ್ಟಡದಲ್ಲಿ ಇಲ್ಲ.

ಪ್ರಸ್ತುತ ಪ್ರಕರಣ ನಡೆದದ್ದು ಒಂದು ಮಂಗಳವಾರ. ಎಡದಿಂದ ಬಲಕ್ಕೆ ಏಳನೆಯ ಸುಳಿವು: ‘ಸೊಂಡಿಲುಳ್ಳ ಪ್ರಾಣಿ (೨)’. ಸಾಹೇಬರು ಫೋನಿನಲ್ಲಿ ಮಾತಾಡುತ್ತಲೇ ಅಲ್ಲಿ ‘ಒಂಟೆ’ ಎಂದು ಬರೆದರು.

ಮೇಡಂ ಅದನ್ನು ಕಂಡರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಕಂಡರು. ಆಮೇಲೆ ತಮ್ಮ ಪಾಲಿನ ಕೆಲಸಕ್ಕೆ ಕೂತರು. ‘ಟೆ’ಯಿಂದ ಕೆಳಗಿಳಿಯುವ ಸುಳಿವು ‘ಪಕ್ಕದ ಮನೆ (೪)’ ಎಂದಿತ್ತು. ಮೇಡಂ ಒಂದು ಕ್ಷಣವೂ ತಡೆಯದೆ ‘ಟೆರೆಮನೆ’ ಎಂದು ತುಂಬಿದರು.

“ಮೇಡಂ, ಟೆರೆಮನೆ ಅಂದ್ರೆ ಏನು?” ಎಂದೆ.

“ಪಕ್ಕದ ಮನೆ. ಸುಳಿವಲ್ಲೇ ಇದೆಯಲ್ರೀ, ಓದೋಕೆ ಬರಲ್ವಾ?”

ಬುಧವಾರದ ಪತ್ರಿಕೆಯಲ್ಲಿ ಉತ್ತರ ಬಂತು. ಏಳು: ಆನೆ.

ಸಾಹೇಬರು ಪತ್ರಿಕೆಯನ್ನು ಬಹಳ ಹೊತ್ತು ನೋಡಿದರು. “ಪಾಪ, ಪತ್ರಿಕೆಯವರು ತಪ್ಪು ಮಾಡಿದ್ದಾರೆ,” ಎಂದರು. ಮಂಗಳವಾರದ ಕಡತ ಇತ್ಯರ್ಥವಾಗಲಿಲ್ಲ. ಆದ್ದರಿಂದ ಬುಧವಾರದ್ದು ತೆರೆಯಲಿಲ್ಲ, ಗುರುವಾರದ್ದೂ ತೆರೆಯಲಿಲ್ಲ. ಊರಿನ ನೀರಿನ ದೂರುಗಳು ಮೇಜಿನ ಮೇಲೆ ಸಾಲಾಗಿ ಕೂತವು.

ಪತ್ರಿಕೆಗೆ ನೋಟಿಸು ಹೋಯಿತು. ‘ಪದಬಂಧ ರಚಿಸುವವರನ್ನೇ ಕೇಳಿಕೊಳ್ಳಿ’ ಎಂದು ಸಂಪಾದಕರು ವಿಳಾಸ ಕೊಟ್ಟರು. ಹುಡುಕುವ ಶ್ರಮವೇನೂ ಬೀಳಲಿಲ್ಲ. ಆ ವ್ಯಕ್ತಿ ಹತ್ತೊಂಬತ್ತು ದಿನಗಳಿಂದ ನಮ್ಮ ಬೆಂಚಿನ ಮೇಲೆಯೇ ಕೂತಿದ್ದರು.

ಅವರು ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದವರು. ಕರಡು ಮೇಷ್ಟ್ರು ಎಂದೇ ಎಲ್ಲರೂ ಕರೆಯುವುದು. ಕಾಯುವ ಹೊತ್ತಿನಲ್ಲಿ ನಮ್ಮ ದೂರಿನ ನಮೂನೆಯ ಹದಿನಾಲ್ಕು ತಪ್ಪುಗಳಿಗೆ ಕೆಂಪು ಗೀಟು ಹಾಕಿ ವಾಪಸು ಕೊಟ್ಟಿದ್ದರು. ಅವರ ದೂರು ಚಿಕ್ಕದು. ನಾವು ಬೀದಿ ಅಗೆದಾಗ ಎಲ್ಲ ಮನೆಗಳ ಪೈಪು ತೆಗೆದೆವು, ಜೋಡಿಸುವಾಗ ಒಂದನ್ನು ಬಿಟ್ಟೆವು. ಆ ಒಂದು ಅವರದು. ಮನೆ ಮೂರನೆಯ ಮಹಡಿ, ಐವತ್ತನಾಲ್ಕು ಮೆಟ್ಟಿಲು. ಮೇಷ್ಟ್ರು ನಮ್ಮ ಬೆಂಚಿನ ಮೇಲಿರುವಾಗ ಬೀದಿ ನಲ್ಲಿಯಿಂದ ನೀರು ಹೊರುವವರು ಅವರ ಎಪ್ಪತ್ತೆರಡು ವರ್ಷದ ಅಕ್ಕ. ಬೇಕಾಗಿದ್ದದ್ದು ಸಾಹೇಬರ ಒಂದು ಸಹಿ.

ಮೇಡಂ ಮೇಷ್ಟ್ರನ್ನು ಒಳಗೆ ಕರೆದರು.

“ಏನ್ ಮೇಷ್ಟ್ರೇ, ಇಷ್ಟು ದೊಡ್ಡವರು ಇಲ್ಲೇ ಇದ್ದು ಹೇಳ್ಲೇ ಇಲ್ವಲ್ಲ! ಒಂದು ಸಣ್ಣ ತಿದ್ದುಪಡಿ ಹಾಕಿಸ್ಬಿಡಿ. ಏಳು, ಒಂಟೆ ಅಂತ.”

“ಒಂಟೆಗೆ ಸೊಂಡಿಲಿಲ್ಲಮ್ಮ.”

“ಇಲ್ಲ ಅನ್ನೋಕೆ ದಾಖಲೆ?”

“ದಾಖಲೆ ಯಾಕೆ? ಕಣ್ಣಿಲ್ವಾ?”

“ಕಣ್ಣನ್ನ ಕಡತಕ್ಕೆ ಲಗತ್ತಿಸೋಕಾಗುತ್ತಾ ಮೇಷ್ಟ್ರೇ?”

ಮೇಷ್ಟ್ರು ಎದ್ದು ನೇರ ಪಶುವೈದ್ಯರ ಬಳಿಗೆ ಹೋದರು. ಒಂಟೆಗೆ ಸೊಂಡಿಲಿಲ್ಲವೆಂದು ದೃಢೀಕರಣ ಪತ್ರ ಕೇಳಿದರು. ‘ತಪಾಸಣೆಗಾಗಿ ಸದರಿ ಒಂಟೆಯನ್ನು ಹಾಜರುಪಡಿಸುವುದು’ ಎಂಬ ಹಿಂಬರಹದೊಂದಿಗೆ ಅರ್ಜಿ ವಾಪಸಾಯಿತು. ಮೇಷ್ಟ್ರು ಆ ಹಿಂಬರಹದಲ್ಲೂ ಒಂದು ತಪ್ಪು ತಿದ್ದಿದರು.

“ನಲವತ್ತು ವರ್ಷ ಒಂದು ಕೊಂಬಿನ ಇಳಿ ತಪ್ಪಿದ್ರೂ ಬಿಟ್ಟವನಲ್ಲ ನಾನು,” ಎಂದು ಬೆಂಚಿನ ಮೇಲೆ ಕೂತು ನನಗೆ ಹೇಳಿದರು. “ಈಗ ಆನೆಯನ್ನ ಬಿಡ್ತೀನೇನಯ್ಯಾ?”

ಬಿಡುವುದಿಲ್ಲ ಎಂದೇ ನಾನೂ ತಿಳಿದಿದ್ದೆ.

ಇಪ್ಪತ್ತಾರನೆಯ ದಿನ ಅಕ್ಕ ಮೂವತ್ತೊಂದನೆಯ ಮೆಟ್ಟಿಲಿನಲ್ಲಿ ಕೊಡದ ಸಮೇತ ಜಾರಿದರು. ಕೊಡ ಕೆಳಗಿನವರೆಗೂ ಉರುಳಿತು. ಅಕ್ಕ ಉರುಳಲಿಲ್ಲ, ಕಂಬಿ ಹಿಡಿದು ಕೂತರು. ಕಾಲು ಮಾತ್ರ ಊದಿ ಕುಂಬಳಕಾಯಿಯಾಯಿತು.

ಇಪ್ಪತ್ತೇಳನೆಯ ದಿನ ಮೇಷ್ಟ್ರು ಕಚೇರಿಗೆ ಬಂದು ಬೆಂಚಿನ ಮೇಲೆ ಕೂರಲಿಲ್ಲ. ನೇರ ಮೇಡಂ ಮೇಜಿಗೆ ಹೋದರು.

“ಎಲ್ಲಿ ಸಹಿ ಹಾಕ್ಬೇಕು?”

“ಇಲ್ಲಿ. ಆಮೇಲೆ ಇಲ್ಲಿ. ಒಂಟೆಯ ಮುಂದೆ ಒಂದು ಚುಟುಕು ಸಹಿ.”

ಮೇಷ್ಟ್ರು ಹಾಕಿದರು. ಮೇಡಂ ತಾವೇ ಎದ್ದು ಕುರ್ಚಿ ಕೊಟ್ಟರು, ನೀರು ತರಿಸಿದರು. ಮೇಷ್ಟ್ರು ಲೋಟವನ್ನು ನೋಡಿದರು, ಕುಡಿಯಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಚೌಕಟ್ಟಿನೊಳಗೆ ಪ್ರಕಟವಾದದ್ದು ಹೀಗಿದೆ:

‘ತಿದ್ದುಪಡಿ. ಈ ಹಿಂದೆ ಒಂದು ಮಂಗಳವಾರದ ಪದಬಂಧದಲ್ಲಿ ಸೊಂಡಿಲುಳ್ಳ ಪ್ರಾಣಿ ಆನೆ ಎಂದು ತಪ್ಪಾಗಿ ಅಚ್ಚಾಗಿತ್ತು. ಒಂಟೆ ಎಂದು ಓದಿಕೊಳ್ಳುವುದು. ಅದಕ್ಕೆ ಹೊಂದುವಂತೆ ಪಕ್ಕದ ಮನೆಯನ್ನೂ ಟೆರೆಮನೆ ಎಂದು ಓದಿಕೊಳ್ಳುವುದು. ಓದುಗರ ಅನುಕೂಲಕ್ಕಾಗಿ ಪದಬಂಧವನ್ನು ಇಂದು ಮತ್ತೊಮ್ಮೆ ನೀಡಲಾಗಿದೆ.’

ತಾವು ಮೊದಲೇ ಒಂಟೆ ಎಂದು ಬರೆದಿದ್ದೆವೆಂದು ಮುನ್ನೂರ ಹನ್ನೆರಡು ಓದುಗರು ಪತ್ರ ಬರೆದರು. ಒಬ್ಬರು ಮಾತ್ರ ಆಕ್ಷೇಪಿಸಿದರು. ಅವರ ಮನೆಯ ನೀರಿನ ಸಂಪರ್ಕ ಸದ್ಯ ಪರಿಶೀಲನೆಯಲ್ಲಿದೆ.

ಇಂಥ ಗೊಂದಲ ಮರುಕಳಿಸದಿರಲೆಂದು ಕಾಯಂ ವ್ಯವಸ್ಥೆಯೂ ಆಗಿದೆ. ಈಗ ಖಾಲಿ ಚೌಕಗಳು ಹಿಂದಿನ ಸಂಜೆಯೇ ಸಾಹೇಬರಿಗೆ ಬರುತ್ತವೆ. ಅವರು ಮನಸ್ಸಿಗೆ ಬಂದದ್ದನ್ನು ಹಸಿರು ಶಾಯಿಯಲ್ಲಿ ತುಂಬುತ್ತಾರೆ. ಆಮೇಲೆ ಮೇಷ್ಟ್ರು ಅದಕ್ಕೆ ತಕ್ಕ ಸುಳಿವು ಬರೆಯುತ್ತಾರೆ. ಸಾಹೇಬರ ಒಂದು ಉತ್ತರವೂ ಈವರೆಗೆ ತಪ್ಪಾಗಿಲ್ಲ.

ತಿದ್ದುಪಡಿ ಪ್ರಕಟವಾದ ದಿನವೇ ಮೇಷ್ಟ್ರ ದೂರಿಗೆ ಸಾಹೇಬರ ಸಹಿಯಾಯಿತು. ಬೀದಿಯ ನೀರನ್ನೆಲ್ಲ ನಿಲ್ಲಿಸಿ ಪೈಪು ಜೋಡಿಸಿದ್ದಾಯಿತು; ಮತ್ತೆ ನೀರು ಬಿಟ್ಟು ನಲ್ಲಿ ಪರೀಕ್ಷಿಸಲು ನಾನೇ ಹೋದೆ. ಅಡುಗೆಮನೆಯಲ್ಲಿ ಅಕ್ಕ ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ತೊಡೆಯ ಮೇಲೆ ಆ ದಿನದ ಪತ್ರಿಕೆ ಹರಡಿಕೊಂಡಿದ್ದರು. ತಮ್ಮನ ಪದಬಂಧಗಳನ್ನು ಮೊದಲು ಬಿಡಿಸುವವರು ಅವರೇ. ಮೂವತ್ತು ವರ್ಷದಲ್ಲಿ ಒಂದು ಚೌಕವೂ ತಪ್ಪಿಲ್ಲವಂತೆ.

ನಲ್ಲಿ ಮೊದಲು ಕೆಮ್ಮಿತು, ಕೆಂಪಗೆ ಉಗುಳಿತು, ಆಮೇಲೆ ತಿಳಿನೀರು ಸುರಿಸಿತು.

ಮೇಷ್ಟ್ರು ಅಕ್ಕನ ಭುಜದ ಮೇಲಿಂದ ಬಗ್ಗಿ ನೋಡಿದರು. ಏಳರಲ್ಲಿ ‘ಆನೆ’ ಎಂದಿತ್ತು. ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು ಅದರ ಮೇಲೆ ಗೀಟೆಳೆದರು.

“ತಪ್ಪು, ಅಕ್ಕ.”

ಅಕ್ಕ ತಮ್ಮನ ಮುಖವನ್ನೇ ನೋಡಿದರು. ಆಮೇಲೆ ಸುರಿಯುತ್ತಿದ್ದ ನಲ್ಲಿಯನ್ನು ನೋಡಿದರು. ರಬ್ಬರಿನಿಂದ ಆನೆಯನ್ನು ಅಳಿಸಿ, ಪುಡಿಯನ್ನು ಊದಿ, ಒಂಟೆ ಬರೆದರು. ಅದರಿಂದ ಕೆಳಗಿಳಿಯುವ ಪದವನ್ನೂ ಕೇಳದೆಯೇ ತಿದ್ದಿಕೊಂಡರು.

“ಬಕೆಟ್ ತುಂಬ್ತು, ನಿಲ್ಲಿಸೋ,” ಎಂದರು. “ಹಾಗೇ ಟೆರೆಮನೆಯವ್ರಿಗೂ ನೀರು ಬಂತೇನೋ ಕೇಳ್ಕೊಂಡು ಬಾ.”

ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟರು. ನಾನು ನಮೂನೆಯಲ್ಲಿ ‘ದೂರು: ಇಲ್ಲ’ ಎಂದು ಬರೆಯುವಷ್ಟರಲ್ಲಿ ವಾಪಸು ಬಂದರು.

ಟೆರೆಮನೆಯವರಿಗೂ ಬಂದಿತ್ತು.