ಜೇನುಬಣ್ಣದ ಸಕ್ಕರೆ

ಸೇಡಂ ತಾಲೂಕಿನಲ್ಲಿ ಅಲ್ಲಿಯವರೆಗೆ ಯಾವ ಬಿ.ಎಸ್ಸಿ. ಪದವೀಧರನೂ ಅಡುಗೆ ಒಲೆಯ ಮುಂದೆ ಕುಳಿತ ದಾಖಲೆ ಇರಲಿಲ್ಲ. ಆ ಕೊರತೆಯನ್ನು ನೀಗಿಸಲು ನಾನು ನಿರ್ಧರಿಸಿದೆ! ಹೆಂಗಸರದು ಅಂದಾಜಿನ ಅಡುಗೆ, ನನ್ನದು ಅಳತೆಯ ಅಡುಗೆ. ಅಳತೆ ಇದ್ದಲ್ಲಿ ತಪ್ಪಿಗೆ ಜಾಗವೆಲ್ಲಿ?

ಕಾರಣವೂ ದೊಡ್ಡದೇ. ನನ್ನ ಹೆಂಡತಿ ಶಿವಕಾಂತಮ್ಮ ಚೊಚ್ಚಲ ಬಸುರಿ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಸುದ್ದಿ ಅವಳ ತವರೂರು ಸುಲೇಪೇಟ ತಲುಪಿ, ಅತ್ತೆ ಚಂದಮ್ಮ ಬಂದಿಳಿದರು.

"ನಾಳಿ ಮುಂಜಾನಿ ಬಸ್ಸಿಗಿ ಮಗಳನ್ನ ಕರಕೊಂಡು ಹೋಗ್ತೀನಿ, ಮಾಸ್ತರ."

"ಏಳನೇ ತಿಂಗಳಿಗಿ ಕರಕೊಂಡು ಹೋಗೋದು ಪದ್ಧತಿ ಅಲ್ಲೇನ್ರಿ ಅತ್ತಿ? ಇದಿನ್ನೂ ನಾಲ್ಕು!"

"ಏಳರ ತನಕ ಬಿಟ್ರ ಇಕಿ ಗಾಳಿಗಿ ಹಾರಿ ಹೋಗ್ತಾಳ."

"ನಾ ಮಾಡಿದ್ದು ತಿಂದ್ರ?"

ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. "ನೀವು ಮಾಡಿದ್ದು ತಿಂದು, ಹೊಟ್ಯಾಗ ಇಟಗೊಂಡ್ರ ಬಿಟ್ಟು ಹೋಗ್ತೀನಿ, ತಗೋರಿ!"

ಶಿವಕಾಂತಮ್ಮ ಇಲ್ಲದ ಮನೆಯನ್ನು ನೆನೆದೆ. ಶಹಾಬಾದಿ ಕಲ್ಲಿನ ನೆಲವೆಲ್ಲ ತಣ್ಣಗಾದಂತಾಯಿತು.

ನಮ್ಮ ಶಾಲೆಯ ಗಣಿತದ ಮಾಸ್ತರ ಶೌಕತ ಅಲಿ ಸಿಕಂದರಾಬಾದಿನಿಂದ ಒಂದು ಡಬ್ಬಿ ಓಟ್ಸ್ ತಂದುಕೊಟ್ಟಿದ್ದ. "ದವಾಖಾನ್ಯಾಗ ಮೇಮಸಾಬರಿಗಿ ಇದನ್ನೇ ಕೊಡ್ತಾರಂತ. ಹಾಲಿನ್ಯಾಗ ಕುದಿಸಿ, ಮ್ಯಾಲ ಹಣ್ಣಿಟ್ಟು, ಸಕ್ಕರಿ ಕಂದಿಸಿ ಹಾಕಬೇಕು. ಕಲ್ಲೂ ಕರಗಿ ಹೊಟ್ಟಿಗಿ ಹತ್ತತದ ಯಾರ್!"

ಮರುದಿನ ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಯುದ್ಧಕ್ಕೆ ಹೊರಟವನಂತೆ ಅಡುಗೆಮನೆ ಹೊಕ್ಕೆ. ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಅತ್ತೆ ಬಾಗಿಲಲ್ಲೇ ಕುಳಿತಿದ್ದರು.

"ಮಾಸ್ತರ, ಇದು ಎಮ್ಮಿಗಿ ಇಡೋ ಹೊಟ್ಟಲ್ಲೇನ್ರಿ?"

"ಅಲ್ರಿ ಅತ್ತಿ. ವಿಲಾಯತದಾಗ ಇದನ್ನ ಮಂದಿ ತಿಂತಾರ."

"ಮತ್ತ ಅಲ್ಲಿ ಎಮ್ಮಿ ಏನು ತಿಂತಾವ?"

ನಾನು ಬಗ್ಗಿ ಒಲೆ ಊದತೊಡಗಿದೆ.

ದೊಡ್ಡ ಒಲೆಯ ಮೇಲೆ ಹಾಲು, ಓಟ್ಸ್. ಪಕ್ಕದ ಸಣ್ಣ ಕೋಡೊಲೆಯ ಮೇಲೆ ಕಬ್ಬಿಣದ ಬಾಣಲೆ, ಅದರಲ್ಲಿ ಸಕ್ಕರೆ. ಬಾಳೆಹಣ್ಣು, ಸೀತಾಫಲ ಪಕ್ಕದಲ್ಲಿ ಸಿದ್ಧ. ಸಕ್ಕರೆ ಕಂದುವುದು ನೂರಾ ಅರವತ್ತು ಡಿಗ್ರಿ ದಾಟಿದ ಮೇಲೆ. ನಮ್ಮ ಶಾಲೆಯ ಥರ್ಮಾಮೀಟರು ನೂರಾಹತ್ತಕ್ಕೇ ಮುಗಿಯುತ್ತದೆ. ಹೀಗಾಗಿ ಕಣ್ಣಳತೆಯೇ ಗತಿ. ನಾನು ವಿಜ್ಞಾನ ಓದಿದ್ದು ಹಳೆಯ ಸರಕಾರದ ಉರ್ದುವಿನಲ್ಲಿ, ಕಲಿಸುತ್ತಿರುವುದು ಹೊಸ ಸರಕಾರದ ಕನ್ನಡದಲ್ಲಿ. ಸಕ್ಕರೆಗೆ ಎರಡೂ ತಿಳಿಯುವುದಿಲ್ಲ. ಜೇನಿನ ಬಣ್ಣ ಬಂದ ಕ್ಷಣ ಇಳಿಸಬೇಕು, ಅಷ್ಟೇ!

ಅಂಚು ಕರಗಿತು. ಹರಳುಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಆಹಾ, ಆ ಬಣ್ಣ! ಸಂಜೆಯ ಬಿಸಿಲಿಗೆ ಕಾಗಿಣಾ ಹೊಳೆ ಹೀಗೇ ಹೊಳೆಯುತ್ತದೆ. ಹೊಳೆಯ ದಂಡೆಯಲ್ಲಿ ಒಂದು ಕೂಸು ಕಂಡಿತು. ನನ್ನದೇ ಕೂಸು! ಶಿವಕಾಂತಮ್ಮನ ಕಣ್ಣು, ದುರ್ದೈವದಿಂದ ನನ್ನ ಮೂಗು. ಅಂಬೆಗಾಲಿಟ್ಟಿತು. ನನ್ನ ಬೆರಳು ಹಿಡಿದು ಎದ್ದು ನಿಂತಿತು. "ಅಪ್ಪಾ, ಆ ಚುಕ್ಕಿ ಯಾಕ ಮಿಣಮಿಣ ಅಂತದ?" ಎಂದು ಕೇಳಿತು. ನಾನು ಗಾಳಿಯ ಪದರಗಳನ್ನು ವಿವರಿಸಿದೆ. ಒಪ್ಪಿತು! ಜಡೆ ಹಾಕಿಸಿಕೊಂಡಿತು. ಪಾಟಿಚೀಲ ಹೆಗಲಿಗೇರಿಸಿ, ತಿರುಗಿ ನೋಡುತ್ತ, ಸಾಲೆಗೆ ಹೊರಟಿತು...

"ಮಾಸ್ತರ! ಸುಡಲಿಕತ್ತದ್ರೀ!"

ಕಣ್ಣು ತೆರೆದರೆ ಕಾಗಿಣಾ ಡಾಂಬರಾಗಿತ್ತು! ದೊಡ್ಡ ಒಲೆಯಲ್ಲಿ ಓಟ್ಸ್ ಉಬ್ಬಿ, ಪಾತ್ರೆ ದಾಟಿ, ಗೋಡೆಯತ್ತ ಪ್ರಯಾಣ ಬೆಳೆಸಿತ್ತು. ಗಾಬರಿಯಲ್ಲಿ ಹಣ್ಣನ್ನೂ ಉಳಿದ ಓಟ್ಸನ್ನೂ ಬಾಣಲೆಗೇ ಸುರಿದೆ. ಢಮ್! ಹೊಗೆ ಮಾಳಿಗೆಗೇರಿ, ಬೆಳಕಿಂಡಿಯಿಂದ ಬೀದಿಗಿಳಿಯಿತು. ಪಕ್ಕದ ಮನೆಯ ಯಂಕಮ್ಮ ತುಂಬಿದ ಕೊಡದೊಡನೆ ನುಗ್ಗಿ, ಕೊಡವನ್ನು ನನ್ನ ತಲೆಯ ಮೇಲೆಯೇ ಬರಿದು ಮಾಡಿದಳು!

"ನನಗ್ಯಾಕ ಹಾಕಿದ್ಯವ್ವಾ?"

"ಹೊಗಿಯೊಳಗ ಏನೋ ಕರ್ರಗ ಕಂಡಿತ್ರಿ. ಅದೇ ಸುಡಲಿಕತ್ತದ ಅಂತ ಹಾಕಿದೆ!"

ವಿಭೂತಿ ಗಲ್ಲಕ್ಕಿಳಿಯಿತು. ಅತ್ತೆ ಗಂಟು ಎತ್ತಿಕೊಂಡು ಎದ್ದರು. "ನಡಿ ಶಿವಕಾಂತಾ, ಬಸ್ಸಿನ ಹೊತ್ತಾತು."

ತಿಂಗಳಿನಿಂದ ಅಡುಗೆಮನೆಯ ಕಡೆ ಸುಳಿಯದ ಶಿವಕಾಂತಮ್ಮ ಹೊಗೆಯೊಳಗೆ ನಿದ್ದೆಗಣ್ಣಿನಲ್ಲಿ ನಡೆದು ಬಂದಂತೆ ಬಂದಳು. ಮೂಗರಳಿಸಿದಳು. ಕುಳಿತಳು. ಬಾಣಲೆಯ ತಳ ಹೆರೆದು ಆ ಕರಿ ಮುದ್ದೆಯನ್ನು ಬಾಯಿಗಿಟ್ಟಳು.

"ಭಾಳ ಛಂದ ಆಗ್ಯದ್ರಿ," ಎಂದಳು ಮೆಲ್ಲಗೆ. "ಇದೇ ವಾಸನಿ ಬೇಕಾಗಿತ್ತು ನೋಡ್ರಿ ನನಗ. ಹೇಳಲಿಕ್ಕೆ ಬರವಲ್ದಾಗಿತ್ತು."

ಬಾಣಲೆ ಖಾಲಿಯಾಯಿತು. ಬಚ್ಚಲಿನ ಕಡೆ ಯಾರೂ ಓಡಲಿಲ್ಲ! ಬಸ್ಸು ಹೋಯಿತು.

"ನಾಳಿನೂ ತಿಂದ್ರ ನೋಡೂಣು," ಎಂದರು ಅತ್ತೆ. ಗಂಟು ಮಾತ್ರ ಬಿಚ್ಚಲಿಲ್ಲ.

ಮರುದಿನ ಅದೇ ಬಾಣಲೆ, ಅದೇ ಅಳತೆ, ಅದೇ ಉರಿ. ಸುಡಲೇಬೇಕೆಂದು ಕಣ್ಣು ಮಿಟುಕಿಸದೆ ಕಾದೆ. ಆದರೆ ಕಂದಿದ್ದನ್ನು ಕಂಡ ಕೂಡಲೇ ಪದವೀಧರನ ಕೈ ಸುಮ್ಮನಿದ್ದೀತೆ? ತಾನೇ ಇಳಿಸಿಬಿಟ್ಟಿತು. ಅಪ್ಪಟ ಜೇನುಬಣ್ಣ! ಶೌಕತ ಅಲಿಯ ಮೇಮಸಾಬರೂ ಮೆಚ್ಚುವಂಥದ್ದು. ಶಿವಕಾಂತಮ್ಮ ಒಂದು ಚಮಚ ಬಾಯಿಗಿಟ್ಟು, "ಇದು ಅದಲ್ರೀ..." ಎಂದು ಬಚ್ಚಲಿಗೆ ಓಡಿದಳು.

ಅತ್ತೆಯ ಕೈ ಗಂಟಿನತ್ತ ಹೋಯಿತು. ಅವರು ನನ್ನ ಮುಖ ನೋಡಿದರು, ಕೈ ಅಲ್ಲೇ ನಿಂತಿತು.

"ಮಾಸ್ತರ, ಖರೆ ಹೇಳ್ರಿ. ನಿನ್ನಿ ಸಕ್ಕರಿ ಮುಂದ ಕುಂತು ಏನು ಮಾಡಲಿಕತ್ತಿದ್ರಿ?"

ನಾಚಿಕೆಯಿಂದ ಎಲ್ಲ ಹೇಳಿದೆ: ಹೊಳೆ, ಕೂಸು, ಜಡೆ, ಪಾಟಿಚೀಲ. ಮೂಗಿನ ಸಂಗತಿ ಮಾತ್ರ ಬಿಟ್ಟೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಹೊಗೆಯೇನೂ ಇರಲಿಲ್ಲ. ಗಂಟು ಬಿಚ್ಚಿ ಸೀರೆಯನ್ನು ಗೂಟಕ್ಕೆ ಹಾಕಿದರು.

"ಕುಂದ್ರಿ. ಇನ್ಮ್ಯಾಲ ಅಳತಿ, ಉರಿ ಎಲ್ಲಾ ನಂದು. ನೀವು ಬರೇ ಕನಸು ಕಾಣ್ರಿ."

ಅಂದಿನಿಂದ ಏಳನೆಯ ತಿಂಗಳವರೆಗೂ ನಮ್ಮ ಅಡುಗೆಮನೆಯಲ್ಲಿ ಬಿ.ಎಸ್ಸಿ. ಪದವಿಯ ಕೆಲಸ ಅಷ್ಟೇ ಆಗಿತ್ತು. ಪ್ರತಿ ಮುಂಜಾನೆ ನಾನು ಬಾಣಲೆಯ ಮುಂದೆ ಕಣ್ಣು ಅರೆಮುಚ್ಚಿ ಕೂರುವುದು, ಅತ್ತೆ ಹಿಂದಿನಿಂದ ಕೂಗುವುದು:

"ಇನ್ನೂ ಕೆಂಪಗೇ ಅದ ಮಾಸ್ತರ! ಲಗೂನ ಆ ಕೂಸಿಗಿ ಜಡಿ ಹಾಕಿ ಸಾಲಿಗಿ ಕಳಸ್ರಿ!"