ಗ್ರೀಕರು ನಮ್ಮೂರಲ್ಲಿ ಪಟ್ಟ ಪಾಡು

ಇತಿಹಾಸದ ಮಾಸ್ತರನ ಮಾನ ಕಾಯುವ ದೇವರು ಗ್ರೀಕರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಇದ್ದಿದ್ದರೆ ಎಂಬತ್ತರ ದಶಕದಲ್ಲಿ ರಾಯಬಾಗ ಸೀಮೆಯ ಆ ಹೈಸ್ಕೂಲಿನಲ್ಲಿ ನನಗೆ ಮೇಲಿಂದ ಮೇಲೆ ಅವಮಾನ ಆಗುತ್ತಿರಲಿಲ್ಲ. ನಾನು ಗ್ರೀಕರೆಂದರೆ ಪ್ರಾಣ ಬಿಡುವವ. ಊರವರಿಗೆ ಗ್ರೀಕರೆಂದರೆ ತಿಳಿವಳಿಕೆ ಸಾಲದ ದೂರದ ಬೀಗರು. ಒಂದೇ ಒಂದು ಸಲ ಈ ಊರು ಗ್ರೀಕರ ಕಥೆಯನ್ನು ತೆಪ್ಪಗೆ ಕೂತು ಕೊನೆಯವರೆಗೆ ನೋಡಲಿ, ಅಷ್ಟೇ ನನ್ನ ಆಸೆಯಿತ್ತು. ಅದನ್ನೂ ನಡೆಯಗೊಡಲಿಲ್ಲ. ಈಗ ನೆನೆದರೂ ಮೈ ಉರಿಯುತ್ತದೆ.

ಯುದ್ಧದ ಕಾರಣ

ಒಂಬತ್ತನೇ ಇಯತ್ತೆಗೆ ಟ್ರಾಯ್ ಯುದ್ಧದ ಪಾಠ. ಟ್ರಾಯ್ ನಗರದ ರಾಜಕುಮಾರ ಗ್ರೀಕ್ ರಾಜನ ಹೆಂಡತಿ ಹೆಲೆನ್‌ಳನ್ನು ಕರೆದುಕೊಂಡು ಹೋದ, ಅದಕ್ಕೇ ಹತ್ತು ವರ್ಷ ಯುದ್ಧವಾಯಿತು ಎಂದು ಗಂಟಲು ಹರಿಯುವಂತೆ ವರ್ಣಿಸಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸರ, ಮೊದ್ಲ ಹಿರ್ಯಾರ್ನ ಕೂಡಸಬೇಕಿಲ್ರಿ? ನಮ್ಮ ಅತ್ತೀದೂ ಹಿಂಗ ಆಗಿತ್ತರಿ. ಎರಡೂ ಕಡೀ ಮಂದಿ ಚಾವಡ್ಯಾಗ ಕುಂತ್ರು, ಸಂಜೀಕ ಎಲ್ಲಾ ಮುಗೀತ್ರಿ."

"ಗ್ರೀಕರೂ ಮೊದಲು ರಾಯಭಾರಿಗಳನ್ನ ಕಳಿಸಿದ್ದರಮ್ಮ. ಟ್ರಾಯದವರು ಮಾತು ಕೇಳಲಿಲ್ಲ."

"ಬಂದವ್ರಿಗೆ ಚಹಾ ಕೊಟ್ಟಿರಾಕಿಲ್ರಿ. ಅದಕ್ಕ."

ಪರೀಕ್ಷೆಯಲ್ಲಿ ಯುದ್ಧದ ಕಾರಣ ಕೇಳಿದೆ. ಇಡೀ ವರ್ಗ ಬರೆದದ್ದು ಒಂದೇ: ಬಂದ ಹಿರಿಯರಿಗೆ ಟ್ರಾಯ್ ನಗರದವರು ಚಹಾ ಕೊಡಲಿಲ್ಲ. ಸಿಟ್ಟಿನಿಂದ ಎಲ್ಲರಿಗೂ ಸೊನ್ನೆ ಎಳೆದೆ. ಹೆಡ್‌ಮಾಸ್ತರರು ಉತ್ತರಪತ್ರಿಕೆ ಓದಿ ಕನ್ನಡಕ ತೆಗೆದರು.

"ಇದರಾಗ ತಪ್ಪೇನೈತ್ರಿ? ನಾ ಆದ್ರೂ ಸುಮ್ನ ಬಿಡ್ತಿದ್ದಿಲ್ಲ."

ಎಲೆಯ ಕಿರೀಟ

ನಮ್ಮ ಕಡೆ ಕುಸ್ತಿಯೆಂದರೆ ಊಟ ಬಿಟ್ಟು ಓಡುತ್ತಾರೆ. ಒಂದು ಸಲ ಕುಸ್ತಿ ಕಮಿಟಿಯವರು ನನ್ನನ್ನೂ ಭಾಷಣಕ್ಕೆ ಕರೆದರು. ಗ್ರೀಕರೂ ಮೈಗೆ ಎಣ್ಣೆ ಹಚ್ಚಿಕೊಂಡು ಕುಸ್ತಿ ಆಡುತ್ತಿದ್ದರು, ಒಲಿಂಪಿಕ್ಕಿನಲ್ಲಿ ಗೆದ್ದವನಿಗೆ ಎಲೆಯ ಕಿರೀಟ ಇಡುತ್ತಿದ್ದರು, ಅದಕ್ಕಿಂತ ದೊಡ್ಡ ಮರ್ಯಾದೆ ಬೇರೊಂದಿರಲಿಲ್ಲ ಎಂದೆ.

ಪೈಲವಾನರನ್ನು ತಯಾರು ಮಾಡುವ ಮುದುಕ ವಸ್ತಾದರು ಅಲ್ಲೇ ಗದರಿದರು: "ಬರೇ ಎಲೀನ? ಗದಾ ಇಲ್ಲ, ಫೇಟಾ ಇಲ್ಲ? ಪೈಲವಾನನ ಕಡಿಂದ ಬೆವರ ಸುರಿಸ್ಕೊಂಡು ತಪ್ಪಲಾ ಕೊಟ್ಟು ಕಳಸ್ತಾರ? ಅಂಥಾ ಕಮಿಟೀನ ಮೊದ್ಲ ಚಿತ್ ಮಾಡಬೇಕು!"

ಜನ ಚಪ್ಪಾಳೆ ತಟ್ಟಿದರು, ನನಗಲ್ಲ. ಕೊನೆಗೆ ಸತ್ಕಾರ. ಗ್ರಾಮಸೇವಕರಿಗೆ ಕೇಸರಿ ರುಮಾಲಿನ ಫೇಟಾ. ಸೊಸೈಟಿ ಸೆಕ್ರೆಟರಿಗೆ ಫೇಟಾ. ಮೈಕಿನವನಿಗೂ ಫೇಟಾ. ನನ್ನ ಸರದಿ ಬಂದಾಗ ತಲೆಯ ಮೇಲೆ ಬೇವಿನ ಎಲೆಗಳ ಸುತ್ತು ಇಟ್ಟರು.

"ಇದೇನ್ರಿ?" ಎಂದೆ.

"ಇದಕ್ಕಿಂತ ದೊಡ್ಡ ಮರ್ಯಾದಿ ಇಲ್ಲಂತ ನೀವ ಹೇಳಿದ್ರೆಲ್ಲಾ ಸರ."

ಎಲ್ಲರೂ ಫೇಟಾ ಸುತ್ತಿಕೊಂಡು ಮೆರೆಯುತ್ತ ಹೊರಟರು. ನನ್ನ ಕಿರೀಟವನ್ನು ಮನೆ ಬಾಗಿಲಲ್ಲಿ ಪಕ್ಕದ ಮನೆಯ ಆಡು ತಿಂದಿತು. ಅದೂ ಅರ್ಧ ತಿಂದು ಉಗುಳಿತು.

ಕುದುರೆ

ಇದಕ್ಕೆಲ್ಲ ಒಂದೇ ಏಟಿಗೆ ಉತ್ತರ ಕೊಡಬೇಕೆಂದು ಶಾಲೆಯ ಗ್ಯಾದರಿಂಗಿಗೆ ಟ್ರಾಯ್ ಕುದುರೆಯ ನಾಟಕ ಹಿಡಿದೆ. ಪ್ರತಿ ವರ್ಷವೂ ಕೌರವ ಪಾಂಡವರೇ. ಹೆಡ್‌ಮಾಸ್ತರರು ಕರಾರು ಹಾಕಿದರು: "ಮಂದಿ ಗ್ರೌಂಡಿನ್ಯಾಗ ಕುಂತು ಕೊನೀತನಾ ನೋಡಿದ್ರ ಮುಂದಿನ ವರ್ಷನೂ ನಿಮ್ಮ ಗ್ರೀಕರ. ಇಲ್ಲಂದ್ರ ಇನ್ನ ಅವ್ರ ಹೆಸರ ತಗೀಬ್ಯಾಡ್ರಿ."

ಶಾಲಾ ಕಮಿಟಿಯ ಚೇರಮನ್ನರು ದೊಡ್ಡ ಕಬ್ಬಿನ ಹೊಲದವರು. ಅವರಿಗೆ ಕಥೆ ಹೇಳಿದೆ: ಗ್ರೀಕರು ಕಟ್ಟಿಗೆಯ ಕುದುರೆ ಮಾಡಿ, ಹೊಟ್ಟೆಯಲ್ಲಿ ಸೈನಿಕರನ್ನು ಅಡಗಿಸಿ, ಊರ ಮುಂದೆ ಬಿಟ್ಟು ಹೋದರು. ಟ್ರಾಯದವರು ಅದನ್ನು ದೇವರ ಕಾಣಿಕೆಯೆಂದು ಒಳಗೆ ಎಳೆದುಕೊಂಡು ಹಾಳಾದರು.

ಚೇರಮನ್ನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸುಳ್ಳ ಕಥಿರಿ ಇದು! ಒಳಗ ಹಣಿಕಿ ಹಾಕದ ಎಳಕೊಳ್ಳಾಕ ಅವ್ರೇನ್ ಹುಚ್ಚರೇನ್ರಿ? ನಮ್ಮೂರಾಗ ಹೊಸಾ ಎಮ್ಮಿ ಬಂದ್ರೂ ಹಲ್ಲ ನೋಡಿ ಒಳಗ ಬಿಡ್ತೇವಿ."

ನಾನು ಬಿದಿರು ಹುಡುಕಲು ಹೊರಟೆ.

ಊರ ಹೊರಗಿನ ಬಡಿಗೇರ ಅಂಗಳದಲ್ಲಿ ಕುದುರೆ ತಯಾರಾಯಿತು. ಚಕ್ಕಡಿಯ ಮೇಲೆ ಬಿದಿರು, ಗೋಣಿ ತಟ್ಟು, ಕಬ್ಬಿನ ಒಣಗರಿ ರವದಿಯ ಬಾಲ, ಮೇಲೆ ಬಿಳಿ ಸುಣ್ಣ. ಒಳಗೆ ಹತ್ತುವುದು ಜನರಿಗೆ ಕಾಣಬಾರದೆಂದು ಡ್ರಿಲ್ ಮಾಸ್ತರರನ್ನೂ ನಾಲ್ಕು ಹುಡುಗರನ್ನೂ ಅಲ್ಲೇ ಕೂರಿಸಿದೆ. ನಾಟಕದಲ್ಲಿ ಟ್ರಾಯದ ಜನ ಕೂಗಿದ ಕೂಡಲೇ ಹೊರಗೆ ಜಿಗಿಯಿರಿ ಎಂದೆ. ಎತ್ತು ಹೂಡಿ ಶಾಲೆಯ ಕಡೆ ಹೊರಟೆವು.

ದಾರಿಯಲ್ಲಿ ಮೈಲಾರಲಿಂಗನ ಗುಡಿ. ಮೈಲಾರನ ವಾಹನ ಬಿಳಿ ಕುದುರೆ. ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಮೊದಲು ಒಬ್ಬ ಮುದುಕಿ ಗಾಲಿಗೆ ನೀರು ಹಾಕಿ ಕುಂಕುಮ ಹಚ್ಚಿದಳು. ಆಮೇಲೆ ಓಣಿಗೆ ಓಣಿಯೇ ಬಂತು. ಅರಿಷಿಣದ ಭಂಡಾರ ಹಿಡಿ ಹಿಡಿಯಾಗಿ ಬಿತ್ತು. ಎತ್ತು ಬಿಚ್ಚಿ ಹಗ್ಗ ಕಟ್ಟಿ ಜನರೇ ಗುಡಿಯ ಕಡೆ ಎಳೆಯತೊಡಗಿದರು. ಹಗ್ಗದ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಚೇರಮನ್ನರು!

"ಅದು ಗ್ರೀಕರ ಕುದುರೆ!" ಎಂದು ಚೀರಿದೆ.

"ದೇವ್ರ ಕುದುರಿ ಯಾರ್ದಾದ್ರೇನ್ರಿ ಸರ, ಕೈ ಹಚ್ಚರಿ!" ಎಂದ ಹಗ್ಗ ಹಿಡಿದವನೊಬ್ಬ.

ಗುಡಿಯ ಅಂಗಳದಲ್ಲಿ ಕುದುರೆಯ ಹೊಟ್ಟೆ ದೊಡ್ಡದಾಗಿ ಸೀನಿತು. "ಜೀವ ಬಂತು!" ಎಂದು ಚೇರಮನ್ನರು ಅಡ್ಡಬಿದ್ದರು. "ಯೆಳಕೋಟ!" ಎಂದು ಜನ ಒಂದೇ ದನಿಯಲ್ಲಿ ಮೈಲಾರನ ಜಯಕಾರ ಕೂಗಿದರು. ಡ್ರಿಲ್ ಮಾಸ್ತರರಿಗೆ ಅದೇ ಸನ್ನೆ. ಬಾಗಿಲು ಒದ್ದು, ನೆತ್ತಿಯಿಂದ ಅಂಗಾಲಿನವರೆಗೆ ಹಳದಿಯಾಗಿ, ಖಡ್ಗ ಹಿರಿದು ಜಿಗಿದರು. "ಈ ನಗರಕ್ಕೆ ಬೆಂಕಿ ಹಚ್ಚಿರಿ!"

ಜನ ಅವರ ಕಾಲಿಗೆ ಬಿದ್ದರು. ಮುದುಕಿ ಅವರ ಬಾಯಿಗೆ ಬೆಲ್ಲ ತುರುಕಿದಳು. ಮಾಸ್ತರರು ಮುಂದಿನ ಮಾತು ಮರೆತು ಬೆಲ್ಲ ತಿನ್ನುತ್ತ ನಿಂತರು.

ಗ್ರೌಂಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೆಡ್‌ಮಾಸ್ತರರು ಖಾಲಿ ಗ್ರೌಂಡು ತೋರಿಸಿ, "ಮುಂದಿನ ವರ್ಷ ಕೌರವರು" ಎಂದುಬಿಟ್ಟರು. ನನಗೆ ತಡೆಯಲಿಲ್ಲ. ಸೀದಾ ಹೋಗಿ ಚೇರಮನ್ನರ ಎದುರು ನಿಂತೆ.

"ಒಳಗೆ ಹಣಿಕಿ ಹಾಕದೆ ಯಾರೂ ಎಳಕೊಳ್ಳೋದಿಲ್ಲ ಅಂದಿದ್ದಿರಲ್ಲ, ನೀವು ಮಾಡಿದ್ದೇನು?"

ಚೇರಮನ್ನರು ಮುಖದ ಭಂಡಾರ ಒರೆಸಿಕೊಂಡು ಸಾವಕಾಶ ಹೇಳಿದರು:

"ನಮ್ಮ ಕುದುರ್ಯಾಗ ಡ್ರಿಲ್ ಮಾಸ್ತರ ಇದ್ರು, ನಡೀತೈತ್ರಿ. ಅವ್ರ ಕುದುರ್ಯಾಗ ವೈರಿ ಇದ್ರು. ಹಂಗ ನೋಡದ ಎಳಕೋತಾರೇನ್ರಿ? ಹುಚ್ಚ ಮಂದಿ!"